ಎಂಬತ್ತು ದಾಟಿದರೆ ಏರುವ ಮುಳ್ಳು

ಬೆಂಗಳೂರಿಂದ ದಾವಣಗೆರೆ, ಹುಬ್ಬಳ್ಳಿ ಕಡೆ ಕಾರಿನಲ್ಲಿ ಹೋಗುವ ನಮ್ಮಂಥವರಿಗೆ ಶಿರಾ ಅಂದರೆ ಒಂದು ಬೈಪಾಸ್, ಅಷ್ಟೇ. ತುಮಕೂರು ದಾಟಿದ ಮೇಲೆ ರಸ್ತೆ ಬಿಡುವಾಗುತ್ತೆ, ಆಕ್ಸಿಲರೇಟರ್ ಮೇಲಿನ ಕಾಲು ತಾನಾಗಿಯೇ ಭಾರವಾಗುತ್ತೆ, ಊರಿನ ಹೆಸರಿನ ಹಸಿರು ಬೋರ್ಡು ಬಂದು ಹಿಂದಕ್ಕೆ ಹೋಗುತ್ತೆ. ನಮ್ಮೂರು ಇರೋದು ಹಿರಿಯೂರು ತಾಲ್ಲೂಕಿನಲ್ಲಿ. ಇಂಜಿನಿಯರಿಂಗ್ ಸೇರಿದ ದಿನದಿಂದ ಈ ದಾರಿಯಲ್ಲಿ ಓಡಾಡಿದ್ದೀನಿ, ಶಿರಾ ಊರೊಳಗೆ ಒಂದು ಸಲವೂ ಕಾಲಿಟ್ಟಿರಲಿಲ್ಲ. ಕೊನೆಗೆ ಅಲ್ಲಿ ಇಳಿಸಿದ್ದು ಕಾರಿನ ಟೆಂಪರೇಚರ್ ಮುಳ್ಳು.

ಕಾರು ಅಪ್ಪನದು. ರಿಟೈರ್ ಆಗೋಕೆ ಕೆಲವು ವರ್ಷ ಮೊದಲು ಕೊಂಡಿದ್ದ ಪುಟ್ಟ ಪೆಟ್ರೋಲ್ ಹ್ಯಾಚ್‌ಬ್ಯಾಕ್. ನಮ್ಮ ಮನೆತನದಲ್ಲೇ ಮೊದಲ ಕಾರು. ಕಣ್ಣಿನ ಪೊರೆ ಆಪರೇಷನ್ ಆದಮೇಲೆ ಅಪ್ಪ ಓಡಿಸೋದು ಕಡಿಮೆ ಮಾಡಿದರು. "ನಿಂತಲ್ಲೇ ತುಕ್ಕು ಹಿಡಿಯುತ್ತೆ, ತಗೊಂಡ್ ಹೋಗೋ" ಅಂತ ಕಳೆದ ವರ್ಷ ಕೀ ನನ್ನ ಕೈಗೆ ಕೊಟ್ಟರು. ಆಮೇಲೆ ಪ್ರತಿ ಭಾನುವಾರದ ಫೋನಿನಲ್ಲಿ ಮೊದಲು ಕೇಳ್ತಿದ್ದದ್ದು "ಊಟ ಆಯ್ತಾ" ಅಲ್ಲ, "ಕಾರು ಹೆಂಗಿದೆ?"

ಔಟರ್ ರಿಂಗ್ ರೋಡಿನಲ್ಲಿ ಚೆನ್ನಾಗೇ ಇತ್ತು. ಏಪ್ರಿಲ್ ಬಿಸಿಲಲ್ಲಿ, ಏಸಿ ಹಾಕಿಕೊಂಡು, ಸಿಲ್ಕ್ ಬೋರ್ಡ್ ಹತ್ತಿರ ಮುಕ್ಕಾಲು ಗಂಟೆ ನಿಂತರೂ ಮುಳ್ಳು ಅಲುಗಾಡ್ತಿರಲಿಲ್ಲ. ಮಾರ್ಚ್ ಕೊನೆಯಲ್ಲಿ ಊರಿಗೆ ಹೊರಟಾಗ ಮಾತ್ರ ಶಿರಾ ಹತ್ತಿರ, ನೂರರ ವೇಗದಲ್ಲಿ, ಮುಳ್ಳು ಅರ್ಧ ದಾಟಿ ಮುಕ್ಕಾಲಿಗೆ ಬಂತು. ಎಡಕ್ಕೆ ಸರ್ವಿಸ್ ರಸ್ತೆಗೆ ಇಳಿದು ನಿಧಾನಕ್ಕೆ ಊರೊಳಗೆ ಹೋದೆ. ಹೋಗ್ತಾ ಹೋಗ್ತಾನೇ ಮುಳ್ಳು ಕೆಳಗೆ ಇಳೀತು. ಕಾಯಿಲೆ ಯಾವುದು ಅನ್ನೋದನ್ನ ಕಾರು ಅವತ್ತೇ, ಆ ಎರಡು ಕಿಲೋಮೀಟರಿನಲ್ಲೇ ಹೇಳಿಬಿಟ್ಟಿತ್ತು. ನಾನು ಕೇಳಿಸಿಕೊಂಡಿದ್ದು ಮೂರು ತಿಂಗಳ ಮೇಲೆ.

ಇಂಜಿನ್ ತಣ್ಣಗಾಗೋಕೆ ಮುಕ್ಕಾಲು ಗಂಟೆಯಾದರೂ ಬೇಕು. ರೇಡಿಯೇಟರ್ ಮುಚ್ಚಳ ಬಿಸಿಯಲ್ಲಿ ತೆಗೀಬಾರದು ಅಂತ ಎಲ್ಲರಿಗೂ ಗೊತ್ತು, ಯಾಕೆ ಅಂತ ಎಷ್ಟೋ ಜನಕ್ಕೆ ಗೊತ್ತಿರಲ್ಲ. ಆ ಮುಚ್ಚಳ ಒಳಗಿನ ನೀರನ್ನ ವಾತಾವರಣಕ್ಕಿಂತ ಸುಮಾರು ಒಂದು ಬಾರ್ ಹೆಚ್ಚು ಒತ್ತಡದಲ್ಲಿ ಹಿಡಿದಿಟ್ಟಿರುತ್ತೆ. ಅದರಿಂದಾಗಿ ನೂರು ಡಿಗ್ರಿ ದಾಟಿದರೂ ನೀರು ಕುದಿಯಲ್ಲ. ಮುಚ್ಚಳ ತಿರುಗಿಸಿದ ಕ್ಷಣ ಒತ್ತಡ ಹೋಗಿ ಒಳಗಿದ್ದದ್ದು ಒಂದೇ ಸಲಕ್ಕೆ ಕುದ್ದು ಮುಖಕ್ಕೆ ಹಾರುತ್ತೆ. ಕುಕ್ಕರ್ ವಿಷಯದಲ್ಲಿ ನಮ್ಮ ಅಮ್ಮಂದಿರು ತೋರಿಸೋ ತಾಳ್ಮೆಯ ಅರ್ಧ ನಮಗಿದ್ದರೆ ಸಾಕು.

ಕಾಯೋ ಹೊತ್ತಿನಲ್ಲಿ ಒಂದು ಟೀ ಕುಡಿದು, ಟೀ ಅಂಗಡಿಯವರು ಕೈ ತೋರಿಸಿದ ಕಡೆ ನಡೆದೆ. ಬಿಜಾಪುರದ ಆದಿಲ್‌ಶಾಹಿಗಳ ಪರವಾಗಿ ಶಿರಾ ಆಳಿದ ಮಲಿಕ್ ರಿಹಾನ್‌ನ ಗೋರಿ ಇದೆ ಅಲ್ಲಿ. ಬಿಸಿಲಿಗೆ ಕಾದ ಕಲ್ಲು, ಒಳಗೆ ಕಾಲಿಟ್ಟರೆ ತಂಪು. ಬಿಜಾಪುರ ಬಿದ್ದ ಮೇಲೆ, 1687ರಲ್ಲಿ, ಮೊಗಲರು ಇದೇ ಶಿರಾವನ್ನ ಒಂದು ಸುಬಾದ ರಾಜಧಾನಿ ಮಾಡಿಕೊಂಡಿದ್ದರು. ಒಂದು ಪ್ರಾಂತ್ಯವನ್ನೇ ಆಳಿದ ಊರನ್ನ ನಾನು ಇಷ್ಟು ವರ್ಷ ಮೇಲ್ಸೇತುವೆಯಿಂದ ನೋಡ್ತಿದ್ದೆ. ಕಾರು ಕೆಡದಿದ್ದರೆ ಇನ್ನೂ ಹಂಗೇ ನೋಡ್ತಿದ್ದೆನೇನೋ.

ಅವತ್ತು ಅಪ್ಪನಿಗೆ ಏನೂ ಹೇಳಲಿಲ್ಲ. "ಟ್ರಾಫಿಕ್ ಇತ್ತು" ಅಂದೆ.

ಬೆಂಗಳೂರಿಗೆ ವಾಪಸ್ ಬಂದು ಮನೆ ಹತ್ತಿರದ ಗ್ಯಾರೇಜಿಗೆ ಕೊಟ್ಟೆ. "ಹೀಟ್ ಆಗುತ್ತೆ" ಅಂದೆ. ಅಷ್ಟೇ ಅಂದೆ. ಯಾವಾಗ, ಎಲ್ಲಿ, ಎಷ್ಟು ವೇಗದಲ್ಲಿ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆಫೀಸಿನಲ್ಲಿ ಯಾರಾದರೂ ಬರೀ "ಆ್ಯಪ್ ಕೆಲಸ ಮಾಡ್ತಿಲ್ಲ" ಅಂತ ಟಿಕೆಟ್ ಹಾಕಿದರೆ ಹಲ್ಲು ಕಡಿಯೋ ನಾನೇ, ನನ್ನ ಕಾರಿನ ಬಗ್ಗೆ ಅಂಥದ್ದೇ ಟಿಕೆಟ್ ಹಾಕಿದ್ದೆ. ಫ್ಯಾನ್ ಮೋಟರ್ ಬದಲಾಯಿಸಿದರು, 3,800 ರೂಪಾಯಿ. ಮುಂದಿನ ಸಲ ಊರಿಗೆ ಹೋಗುವಾಗ ಮತ್ತೆ ಅದೇ ಶಿರಾ, ಅದೇ ಮುಕ್ಕಾಲು. ಈ ಸಲ ಥರ್ಮೋಸ್ಟಾಟ್ ವಾಲ್ ಹೊಸದು, ಹಳೇ ನೀರು ಬಸಿದು ಕೂಲೆಂಟ್ ಭರ್ತಿ. ಅದಕ್ಕೊಂದು 2,600. ಗ್ಯಾರೇಜಿನ ಹುಡುಗ ಒಬ್ಬ "ವಾಲ್ ತೆಗೆದೇ ಬಿಡಿ ಸಾರ್, ನಮ್ಮ ಕಡೆ ಬಿಸಿಲಿಗೆ ಅದು ಬೇಡವೇ ಬೇಡ" ಅಂತಲೂ ಅಂದ. ಈ ಸಲಹೆ ನಮ್ಮ ದೇಶದ ಅರ್ಧ ಗ್ಯಾರೇಜುಗಳಲ್ಲಿ ಸಿಗುತ್ತೆ. ವಾಲ್ ಇಲ್ಲದಿದ್ದರೆ ಇಂಜಿನ್ ಸರಿಯಾದ ಬಿಸಿಗೆ ಬರೋಕೆ ಬಹಳ ಹೊತ್ತು ಬೇಕು, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಸವೆತವೂ ಜಾಸ್ತಿ. ಬೇಡ ಅಂದೆ. ನಾನು ಮಾಡಿದ ಕೆಲವೇ ಸರಿಯಾದ ಕೆಲಸಗಳಲ್ಲಿ ಅದೊಂದು.

ಮೇ ತಿಂಗಳಲ್ಲಿ ಒಂದು ಓಬಿಡಿ ಸಾಧನ ತರಿಸಿದೆ. ಬೆಂಕಿಪೊಟ್ಟಣದ ಗಾತ್ರದ ಪ್ಲಗ್ಗು, ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿದರೆ ಬ್ಲೂಟೂತ್ ಮೂಲಕ ಫೋನಿಗೆ ಕೂಲೆಂಟಿನ ನಿಜವಾದ ತಾಪಮಾನ ಬರುತ್ತೆ. ಒಂದು ಭಾನುವಾರ ಬೆಳಿಗ್ಗೆ ಒಬ್ಬನೇ ಶಿರಾವರೆಗೆ ಹೋಗಿ ಬಂದೆ, ಪ್ರತಿ ವೇಗದಲ್ಲೂ ಹತ್ತು ಹತ್ತು ನಿಮಿಷ. ಎಂಬತ್ತರಲ್ಲಿ 93 ಡಿಗ್ರಿ. ತೊಂಬತ್ತರಲ್ಲಿ 98. ನೂರರಲ್ಲಿ 104, ಇನ್ನೂ ಏರ್ತಾ ಇತ್ತು. ಎಂಬತ್ತಕ್ಕೆ ಇಳಿಸಿದರೆ ಐದಾರು ನಿಮಿಷದಲ್ಲಿ ಮತ್ತೆ 94. ಇದರಿಂದ ಇನ್ನೊಂದು ಸಂಗತಿ ತಿಳೀತು. ಡ್ಯಾಶ್‌ಬೋರ್ಡಿನ ಮುಳ್ಳು ಎಂಬತ್ತರಿಂದ ನೂರರ ತನಕ ಒಂದೇ ಜಾಗದಲ್ಲಿ, ನಟ್ಟ ನಡುವೆ ನಿಂತಿರುತ್ತೆ. ನಾವು ಗಾಬರಿಯಾಗದಿರಲಿ ಅಂತ ಕಂಪನಿಗಳು ಅದನ್ನ ಹಾಗೇ ಮಾಡಿರುತ್ತವೆ. ಅದು ಅಲುಗಾಡಿತು ಅಂದರೆ ಆಗಲೇ ತಡವಾಗಿದೆ ಅಂತ ಅರ್ಥ. ಈಗಿನ ಎಷ್ಟೋ ಕಾರುಗಳಲ್ಲಿ ಆ ಮುಳ್ಳೂ ಇಲ್ಲ, ಕೊನೇ ಗಳಿಗೆಯಲ್ಲಿ ಹತ್ತಿಕೊಳ್ಳೋ ಕೆಂಪು ದೀಪ ಮಾತ್ರ.

ಅಂಕಿ ಕೈಯಲ್ಲಿ ಇಟ್ಟುಕೊಂಡು ಶಿರಾದ ಒಂದು ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಾ ಯೋಚಿಸಿದೆ. ವೇಗವಾಗಿ ಹೋದರೆ ರೇಡಿಯೇಟರಿಗೆ ಗಾಳಿ ಜಾಸ್ತಿ ಸಿಗುತ್ತೆ, ವಾಟರ್ ಪಂಪೂ ಜೋರಾಗಿ ತಿರುಗುತ್ತೆ. ಆರೋಗ್ಯವಾಗಿರೋ ಕಾರಿಗೆ ಹೈವೇ ಅಂದರೆ ಆರಾಮ. ಆದರೆ ಗಾಳಿಯನ್ನ ಸೀಳಿಕೊಂಡು ಹೋಗೋಕೆ ಬೇಕಾಗೋ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತೆ. ಎಂಬತ್ತರಿಂದ ನೂರಕ್ಕೆ ಹೋದರೆ ವೇಗ ಕಾಲು ಭಾಗ ಹೆಚ್ಚು, ಗಾಳಿಗೆ ತೆರಬೇಕಾದ ಶಕ್ತಿ ಹೆಚ್ಚುಕಡಿಮೆ ಎರಡರಷ್ಟು. ಸುಡೋ ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಶಾಖವಾಗಿ ಕೂಲೆಂಟಿಗೆ ಹೋಗುತ್ತೆ. ಸಿಲ್ಕ್ ಬೋರ್ಡಿನಲ್ಲಿ ನಿಂತಾಗ ಇಂಜಿನ್ ಹುಟ್ಟಿಸೋ ಶಾಖ ಸ್ವಲ್ಪ, ಅರ್ಧ ಕೆಲಸ ಮಾಡೋ ರೇಡಿಯೇಟರ್ ಆದರೂ ಫ್ಯಾನಿನ ಸಹಾಯದಿಂದ ಅದನ್ನ ನಿಭಾಯಿಸಿಬಿಡುತ್ತೆ. ನೂರರಲ್ಲಿ ಅದರ ಬಂಡವಾಳ ಬಯಲಾಗುತ್ತೆ. ಟೆಸ್ಟ್ ಸರ್ವರಿನಲ್ಲಿ ಓಡಿ, ಸೇಲ್ ದಿನ ಮಲಗೋ ಸಾಫ್ಟ್‌ವೇರಿನ ಕಥೆಯೇ.

ಇಷ್ಟು ಗೊತ್ತಾದ ಮೇಲೆ ಆ ಸೋಮವಾರವೇ ಗ್ಯಾರೇಜಿಗೆ ಹೋಗಬೇಕಿತ್ತು. ರಿಲೀಸ್ ಇತ್ತು, ಹೋಗಲಿಲ್ಲ. ಎಂಬತ್ತರಲ್ಲೇ ಓಡಿಸಿದರಾಯ್ತು ಅಂದುಕೊಂಡೆ.

ಜೂನ್ ಮೊದಲ ವಾರ ದಾವಣಗೆರೆಯಲ್ಲಿ ಚಿಕ್ಕಮ್ಮನ ಮಗಳ ಮದುವೆ. ಹಿಂದಿನ ರಾತ್ರಿಯೇ ಊರಿಗೆ ಬಂದು, ಬೆಳಿಗ್ಗೆ ಅಪ್ಪ ಅಮ್ಮನನ್ನ ಹತ್ತಿಸಿಕೊಂಡು ಹೊರಟೆ. ಹತ್ತೂವರೆಗೆ ಮುಹೂರ್ತ. ಅಮ್ಮ ರೇಷ್ಮೆ ಸೀರೆಯಲ್ಲಿ ಹಿಂದೆ, ಮಡಿಲಲ್ಲಿ ಹೂವಿನ ಕವರು. ಅಪ್ಪ ಮುಂದೆ, ತಮ್ಮ ಕಾರಿನಲ್ಲಿ ತಾವು ಪಕ್ಕದ ಸೀಟಿನವರಾಗಿ ಸ್ವಲ್ಪ ಬಿಗಿಯಾಗಿ ಕೂತಿದ್ದರು. ಹೊರಡೋದು ತಡವಾಗಿತ್ತು, ಹಾಗಾಗಿ ಎಂಬತ್ತರ ವ್ರತ ಹಿರಿಯೂರು ದಾಟುತ್ತಿದ್ದಂತೆ ಮುರೀತು.

ಹಿರಿಯೂರಿನಿಂದ ಚಿತ್ರದುರ್ಗದ ನಲವತ್ತು ಕಿಲೋಮೀಟರ್ ನೋಡೋಕೆ ಸಪಾಟಾಗಿದೆ. ನಿಜವಾಗಿ ರಸ್ತೆ ಸುಮಾರು ನೂರು ಮೀಟರ್ ಏರುತ್ತೆ, ಒಂದೇ ಸಲಕ್ಕಲ್ಲ, ಗೊತ್ತಾಗದ ಹಾಗೆ. ಅದರ ಜೊತೆಗೆ ಗಾಳಿ. ಐಮಂಗಲ ದಾಟಿದ ಮೇಲೆ ದಿಗಂತದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ಕಾಣುತ್ತವೆ. ಅವನ್ನ ಅಲ್ಲಿ ಸುಮ್ಮನೆ ನೆಟ್ಟಿಲ್ಲ. ಮುಂಗಾರಿನ ಗಾಳಿ ಪಶ್ಚಿಮದಿಂದ ಆ ಬಯಲಿಗೆ ನುಗ್ಗುತ್ತೆ, ನಾವು ಹೋಗ್ತಿದ್ದದ್ದು ವಾಯವ್ಯಕ್ಕೆ, ಅಂದರೆ ಹೆಚ್ಚುಕಡಿಮೆ ಅದರ ಎದುರಿಗೇ. ಏರು, ಎದುರುಗಾಳಿ, ಮೂರು ಜನ, ಏಸಿ, ನೂರರ ವೇಗ. ನನ್ನ ಶಿರಾ ಪರೀಕ್ಷೆಯಲ್ಲಿ ಬಿಟ್ಟುಹೋಗಿದ್ದ ಎಲ್ಲವೂ ಅಲ್ಲಿ ಒಟ್ಟಿಗೆ ಸೇರಿದ್ದವು.

ಫೋನಿನಲ್ಲಿ 106 ಕಾಣಿಸಿತು. ಏಸಿ ಆಫ್ ಮಾಡಿದೆ. 109. ನಿಲ್ಲಿಸಬೇಕು ಅಂತ ಗೊತ್ತು. ಚಿತ್ರದುರ್ಗ ಇನ್ನೆಷ್ಟು, ಅಲ್ಲಿಂದ ದಾವಣಗೆರೆಗೆ ಇನ್ನು ಅರವತ್ತು, ಹತ್ತೂವರೆ... ತಲೆ ಇದೇ ಲೆಕ್ಕದಲ್ಲಿತ್ತು. ಇನ್ನೂ ಮೂರು ಕಿಲೋಮೀಟರ್ ಓಡಿಸಿದೆ. ಆಮೇಲೆ ಹೀಟರ್ ಫುಲ್ ಹಾಕಿದೆ. ಹೀಟರ್ ಅಂದರೆ ಒಂದು ಪುಟ್ಟ ರೇಡಿಯೇಟರೇ, ಇಂಜಿನ್ನಿನ ಶಾಖವನ್ನ ಕಾರಿನೊಳಗೆ ತಂದು ಸುರಿಯುತ್ತೆ. ಸ್ವಲ್ಪ ಹೊತ್ತು ಜೀವ ಉಳಿಸೋ ಉಪಾಯ ಅದು. ಹೀಟರಿನಿಂದ ತಣ್ಣನೆ ಗಾಳಿ ಬಂದರೆ ನೀರೇ ಖಾಲಿಯಾಗಿದೆ, ಆ ಕ್ಷಣವೇ ಇಂಜಿನ್ ನಿಲ್ಲಿಸಬೇಕು. ನಮ್ಮದರಲ್ಲಿ ಬಿಸಿಗಾಳಿಯೇ ಬಂತು.

"ಏನೋ ಇದು, ಬಚ್ಚಲುಮನೆ ಆಯ್ತಲ್ಲೋ" ಅಂದರು ಅಮ್ಮ.

ಅಪ್ಪ ಮುಳ್ಳು ನೋಡಿದರು. "ನಿಲ್ಸು" ಅಂದರು. ಅಷ್ಟೇ.

ರಸ್ತೆ ಪಕ್ಕದ ಬೇವಿನ ಮರದ ಕೆಳಗೆ ನಿಂತೆವು. ಹಬೆ ಬಂದಿರಲಿಲ್ಲ. ಬಾನೆಟ್ ಎತ್ತಿದೆ. ಅಪ್ಪ ಡಿಕ್ಕಿ ತೆಗೆದು, ಸ್ಟೆಪ್ನಿ ಪಕ್ಕ ಅವರೇ ಯಾವತ್ತೋ ಇಟ್ಟಿದ್ದ ಐದು ಲೀಟರಿನ ಕ್ಯಾನು ತಂದರು. ನಮ್ಮ ತೋಟದ ಬೋರ್‌ವೆಲ್ ನೀರು. "ಬಿಸಿ ಇದೆ ಅಪ್ಪ, ಈಗ ಹಾಕಬಾರದು" ಅಂದೆ. "ನಂಗೊತ್ತು ಕಣೋ, ಆರಲಿ ಅಂತಲೇ ತಂದಿದ್ದು" ಅಂದು ಕ್ಯಾನನ್ನ ನೆರಳಿಗಿಟ್ಟರು. ಆಮೇಲೆ ಕೇಳಿದರು, "ಎಷ್ಟು ದಿನದಿಂದ?"

"ಮಾರ್ಚಿಂದ."

ಅವರೇನೂ ಅನ್ನಲಿಲ್ಲ. ಆ ಸುಮ್ಮನಿರೋದು ನನಗೆ ಬೈಗುಳಕ್ಕಿಂತ ಜೋರಾಗಿ ಕೇಳಿಸಿತು. ಅಮ್ಮ ಸ್ವಂತ ತಂಗಿಯ ಮಗಳ ಧಾರೆಯನ್ನ ಬೇವಿನ ಮರದ ಬುಡದಲ್ಲಿ ಕೂತು ವಿಡಿಯೋ ಕಾಲಿನಲ್ಲಿ ನೋಡಿದರು. ಗಾಳಿಗೆ ಸೆರಗು ಒಂದೇ ಸಮ ಹಾರ್ತಿತ್ತು, ಫೋನಿನಿಂದ ವಾದ್ಯದ ಸದ್ದು ಬಿಟ್ಟು ಬಿಟ್ಟು ಬರ್ತಿತ್ತು. ಮಡಿಲಿನ ಹೂವಿನ ಕವರನ್ನ ಮಾತ್ರ ಕೊನೇತನಕ ಕೆಳಗಿಡಲಿಲ್ಲ.

ಒಂದು ಗಂಟೆ ಕಳೆದು, ಮುಚ್ಚಳಕ್ಕೆ ಬಟ್ಟೆ ಹಾಕಿ ಮೆಲ್ಲಗೆ ತೆಗೆದು ನೋಡಿದರೆ ಕೂಲೆಂಟ್ ಭರ್ತಿಯೇ ಇತ್ತು. ಯೂಟರ್ನ್ ಸಿಗೋ ತನಕ ಹೋಗಿ, ಅರವತ್ತರ ವೇಗದಲ್ಲಿ ಹಿರಿಯೂರಿಗೆ ವಾಪಸ್ ಬಂದೆವು. ದಾರಿಯುದ್ದಕ್ಕೂ 91, 92.

ಹಿರಿಯೂರಿನಲ್ಲಿ ಅಪ್ಪನಿಗೆ ಗೊತ್ತಿದ್ದ ಒಂದು ಗ್ಯಾರೇಜ್. ತಗಡಿನ ಶೆಡ್ಡು, ಹೊರಗೆ ಎರಡು ಟ್ರ್ಯಾಕ್ಟರ್. ಮೆಕ್ಯಾನಿಕ್‌ಗೆ ಐವತ್ತೈದರ ಮೇಲೆ ವಯಸ್ಸು. ಬಾನೆಟ್ ಎತ್ತೋ ಮೊದಲೇ ಕೇಳಿದರು, "ಎಲ್ಲಿ ಹೀಟ್ ಆಗ್ತದೆ ಸಾರ್, ಸಿಟಿನಲ್ಲೋ ಹೈವೇನಲ್ಲೋ?" ಮೂರು ತಿಂಗಳಲ್ಲಿ ಆ ಪ್ರಶ್ನೆ ಕೇಳಿದ ಮೊದಲನೆಯವರು ಅವರು.

"ಹೈವೇನಲ್ಲಿ ಮಾತ್ರ."

"ಹಂಗಾರೆ ಫ್ಯಾನ್ ಬಿಡಿ. ನಿಂತಾಗ ಹೀಟ್ ಆದ್ರೆ ಗಾಳಿ ಕಡೆ ನೋಡಬೇಕು, ಓಡುವಾಗ ಹೀಟ್ ಆದ್ರೆ ನೀರಿನ ಕಡೆ ನೋಡಬೇಕು."

ಇದಕ್ಕೆ ಅಪವಾದಗಳಿವೆ. ರೇಡಿಯೇಟರಿನ ಮುಂದೆ ಧೂಳು, ಹುಳ ಕಟ್ಟಿಕೊಂಡಿದ್ದರೂ, ಗಾಳಿಯನ್ನ ಒಳಗೆ ತಿರುಗಿಸೋ ಕೆಳಗಿನ ಪ್ಲಾಸ್ಟಿಕ್ ತಟ್ಟೆ ಹಂಪಿಗೆ ತಾಗಿ ಮುರಿದು ಹೋಗಿದ್ದರೂ ಹೈವೇಯಲ್ಲಿ ಬಿಸಿಯಾಗಬಹುದು. ಅದನ್ನೂ ಅವರು ಬಗ್ಗಿ ನೋಡಿದರು. ತಟ್ಟೆ ಇತ್ತು. ಏಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಟಾರ್ಚ್ ಬಿಟ್ಟು ನೋಡಿದರು, ಒಂದಿಷ್ಟು ಧೂಳು, ಚಿಟ್ಟೆಯ ರೆಕ್ಕೆ. "ಇದಲ್ಲ."

ಆಮೇಲಿನ ಅರ್ಧ ಗಂಟೆಯನ್ನ ನಾನು ಪಾಠದ ಥರ ನೋಡಿದೆ. ಮೊದಲು ಹೆಡ್ ಗ್ಯಾಸ್ಕೆಟ್. ಆಯಿಲ್ ಮುಚ್ಚಳದ ಒಳಗೆ ಹಾಲಿನ ಕೆನೆಯಂಥದ್ದು ಇದೆಯಾ, ಕೂಲೆಂಟ್ ಬಾಟಲಿಯಲ್ಲಿ ಒಂದೇ ಸಮ ಗುಳ್ಳೆ ಬರುತ್ತಾ, ಸೈಲೆನ್ಸರಿನಲ್ಲಿ ಬಿಳಿ ಹೊಗೆ ನಿಲ್ಲದೆ ಬರುತ್ತಾ. ಇಲ್ಲ, ಇಲ್ಲ, ಇಲ್ಲ. ಆ ಮೂರು ಕಿಲೋಮೀಟರಿನ ಹಠಕ್ಕೆ ಅಲ್ಯೂಮಿನಿಯಮ್ ಹೆಡ್ ಬೆಂಡಾಗಿದ್ದರೆ ಈ ಲೇಖನದ ದಾರಿಯೇ ಬೇರೆಯಾಗುತ್ತಿತ್ತು. ಎರಡನೇದು ಕೆಳಗಿನ ಹೋಸ್ ಪೈಪು. ಇಂಜಿನ್ ರೇಸ್ ಮಾಡಿಸಿ, ಪೈಪು ಒಳಕ್ಕೆ ಚಪ್ಪಟೆಯಾಗುತ್ತಾ ನೋಡಿದರು. ರೇಡಿಯೇಟರಿನಿಂದ ಪಂಪಿಗೆ ನೀರು ಎಳೆಯೋ ಪೈಪು ಅದು. ಹಳೇದಾಗಿ ಮೆತ್ತಗಾಗಿದ್ದರೆ ಜೋರು ಆರ್‌ಪಿಎಮ್‌ನಲ್ಲಿ ತುಟಿ ಒತ್ತಿದ ಸ್ಟ್ರಾ ಥರ ಮುಚ್ಚಿಕೊಂಡುಬಿಡುತ್ತೆ, ನಿಂತಾಗ ಏನೂ ಗೊತ್ತಾಗಲ್ಲ. ನಮ್ಮದು ಗಟ್ಟಿಯಾಗಿತ್ತು.

ಮೂರನೇದು ಕೈ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆಫ್ ಮಾಡಿ, ಫ್ಯಾನ್ ಬಿಚ್ಚಿ ಪಕ್ಕಕ್ಕಿಟ್ಟು, ರೇಡಿಯೇಟರಿನ ಬೆನ್ನಿಗೆ ಅಂಗೈಯಲ್ಲ, ಮುಂಗೈ ಹಿಡಿದು ಮೇಲಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಮೆಲ್ಲಗೆ ಸರಿಸಿದರು. ಜ್ವರ ನೋಡೋ ಹಾಗೆ. "ನೀವೂ ಹಿಡೀರಿ, ತಾಗಿಸ್ಬೇಡಿ." ಹಿಡಿದೆ. ಮೇಲ್ಗಡೆ ಸುಡ್ತಿತ್ತು. ಕೆಳಗೆ, ಬಲಮೂಲೆಯಲ್ಲಿ, ಒಂದು ಪುಸ್ತಕದಷ್ಟಗಲ ತಣ್ಣಗೆ. ನಡುವೆ ಇನ್ನೊಂದು ಪಟ್ಟಿ, ಅದೂ ತಣ್ಣಗೆ.

"ಅಲ್ಲೆಲ್ಲ ನೀರು ಓಡ್ತಾ ಇಲ್ಲ. ಕೋರ್ ಜಾಮ್."

ಓಬಿಡಿ ಸಾಧನ, ಸ್ಪ್ರೆಡ್‌ಶೀಟ್, ಘನದ ಲೆಕ್ಕ ಎಲ್ಲ ಇಟ್ಟುಕೊಂಡು ನಾನು ಮುಟ್ಟದ ಜಾಗವನ್ನ ಅವರು ಮುಂಗೈಯಲ್ಲಿ ಮುಟ್ಟಿದ್ದರು. ಹಳೇ ಕಾಲದ ತಾಮ್ರ–ಹಿತ್ತಾಳೆ ರೇಡಿಯೇಟರ್ ಆಗಿದ್ದರೆ ಬೆಸುಗೆ ಬಿಡಿಸಿ, ನಳಿಕೆಯೊಳಗೆ ಸರಳು ತೂರಿಸಿ ಶುದ್ಧ ಮಾಡಬಹುದಿತ್ತಂತೆ. ಈಗಿನವು ಅಲ್ಯೂಮಿನಿಯಮ್ ಕೋರು, ಎರಡು ತುದಿಗೆ ಪ್ಲಾಸ್ಟಿಕ್ ತೊಟ್ಟಿ. ಬಿಚ್ಚಿದರೆ ಮತ್ತೆ ಸರಿಯಾಗಿ ಕೂರೋದು ಕಷ್ಟ, ಹೊಸದೇ ಹಾಕಬೇಕು. ಚಿತ್ರದುರ್ಗದಲ್ಲಿ ಸ್ಟಾಕ್ ಇರಲಿಲ್ಲ, ದಾವಣಗೆರೆಯಿಂದ ಮಾರನೇ ದಿನ ಬಸ್ಸಿನಲ್ಲಿ ಬರಬೇಕು. ಹಳೇದನ್ನ ಹೇಗಿದ್ದರೂ ಎಸೆಯೋದೇ ಅಂತ, ಅವರು ಅಂಚಿನ ತಗಡಿನ ಹಲ್ಲುಗಳನ್ನ ಒಂದೊಂದಾಗಿ ಎತ್ತಿ ತೊಟ್ಟಿ ಬಿಡಿಸಿ ತೋರಿಸಿದರು.

ಸಾಲಾಗಿ ತೆರೆದಿರಬೇಕಾದ ನಳಿಕೆಯ ಬಾಯಿಗಳಲ್ಲಿ ಅರ್ಧಕ್ಕರ್ಧ ಬೆಳ್ಳಗೆ ಮುಚ್ಚಿಹೋಗಿದ್ದವು. ಉಗುರಿನಲ್ಲಿ ಕೆರೆದರೆ ಚಕ್ಕೆ ಚಕ್ಕೆಯಾಗಿ ಬಂತು.

"ಇದು ನಮ್ಮ ಮನೆ ಹಂಡೆ ಒಳಗಿರೋದೇ" ಅಂದರು ಅಮ್ಮ. ಬೇವಿನ ಮರ ಬಿಟ್ಟಮೇಲೆ ಅವರಾಡಿದ ಮೊದಲ ಮಾತು.

"ಯಾವ ನೀರು ಹಾಕ್ತಿದ್ರಿ ಮೇಷ್ಟ್ರೆ?" ಮೆಕ್ಯಾನಿಕ್ ಕೇಳಿದರು.

ಅಪ್ಪ ಆ ಚಕ್ಕೆಯನ್ನ ಬೆರಳಲ್ಲಿ ಉಜ್ಜಿ ನೋಡ್ತಿದ್ದರು. ಒಂಬತ್ತು ವರ್ಷ, ದಿನಾ ಬೆಳಿಗ್ಗೆ ಸ್ನಾನಕ್ಕೆ ಮೊದಲು ಬಾನೆಟ್ ಎತ್ತಿ, ಮುಚ್ಚಳ ತೆಗೆದು, ಒಂದು ಚೊಂಬಿನಲ್ಲಿ ಬೋರ್ ನೀರು ತುಂಬಿಸೋದು ಅವರ ಪದ್ಧತಿ. ನಾನು ಪಿಯುಸಿ ರಜೆಯಲ್ಲಿ ಪಕ್ಕದಲ್ಲಿ ನಿಂತು ನೋಡಿದ್ದೀನಿ. ಕಾರನ್ನ ಅಷ್ಟು ಜೋಪಾನ ಮಾಡಿದವರನ್ನ ನಾನು ಬೇರೆಲ್ಲೂ ಕಂಡಿಲ್ಲ. ಮೇಲಿನ ಹೋಸ್ ಪೈಪಿನ ಕ್ಲಿಪ್ ಸಡಿಲವಾಗಿ ಅಷ್ಟಷ್ಟೇ ಸೋರ್ತಿತ್ತು, ಬಿಸಿಗೆ ಆವಿಯಾಗಿ ಹೋಗ್ತಿತ್ತು, ನೆಲಕ್ಕೆ ಬೀಳ್ತಿರಲಿಲ್ಲ. ಹಾಗಾಗಿ ದಿನಾ ಸ್ವಲ್ಪ ಹಿಡೀತಿತ್ತು. ತೊಂದರೆ ಅಲ್ಲೇ ಇತ್ತು. ಗಡಸು ನೀರನ್ನ ಒಂದು ಸಲ ತುಂಬಿ ಮುಚ್ಚಿಟ್ಟರೆ ಅದರಲ್ಲಿರೋ ಸುಣ್ಣ ಅಷ್ಟಕ್ಕೇ ಮುಗೀತು. ದಿನಾ ಹೋಗಿ ದಿನಾ ತುಂಬಿದರೆ ನೀರು ಹೋಗುತ್ತೆ, ಸುಣ್ಣ ಉಳಿಯುತ್ತೆ. ಚೊಂಬು ಚೊಂಬಾಗಿ ಒಂಬತ್ತು ವರ್ಷ.

ಅವರ ಕೈಯಲ್ಲಿ ಕಾರು ಬಿಸಿಯಾಗಲೇ ಇಲ್ಲ. ಊರಿಂದ ಹಿರಿಯೂರು, ಹಿರಿಯೂರಿಂದ ಊರು, ಐವತ್ತು ದಾಟಿದ್ದೇ ಕಡಿಮೆ. ನೂರಕ್ಕೆ ಓಡಿಸಿದವನು ನಾನು. ಬೆಂಗಳೂರಿನಲ್ಲಿ ಹಳೇ ನೀರು ಬಸಿದು ಕೂಲೆಂಟ್ ಹಾಕಿದಾಗ ಹಳೇ ಚಕ್ಕೆ ಸಡಿಲವಾಗಿ ಇನ್ನೂ ನಾಲ್ಕು ನಳಿಕೆ ಮುಚ್ಚಿರಬಹುದು ಅನ್ನೋದು ಮೆಕ್ಯಾನಿಕ್ ಅಂದಾಜು.

"ಕೂಲೆಂಟಿಗಿಂತ ನೀರೇ ತಂಪು ಅಂತ ಓದಿದ್ದೆ" ಅಂದರು ಅಪ್ಪ. ಅದು ತಪ್ಪಲ್ಲ. ಶಾಖ ಹೊರೋದರಲ್ಲಿ ಬರೀ ನೀರೇ ಮೇಲು. ಕೂಲೆಂಟ್ ಹಾಕೋದು ತುಕ್ಕು ಹಿಡಿಯದಿರಲಿ, ಕುದಿಯೋ ಬಿಂದು ಮೇಲಕ್ಕೆ ಹೋಗಲಿ ಅಂತ. ಅದನ್ನ ಬೆರೆಸಬೇಕಾದ್ದೂ ಖನಿಜ ತೆಗೆದ ನೀರಿನಲ್ಲಿ. ವಿಜ್ಞಾನದ ಮೇಷ್ಟ್ರ ಲೆಕ್ಕ ಸರಿಯಾಗಿತ್ತು, ಅವರಿಗೆ ಸಿಕ್ಕ ನೀರು ಸರಿಯಿರಲಿಲ್ಲ.

ಅಮ್ಮ ಮೆಲ್ಲಗೆ ಅಂದರು, "ನಾವು ಕುಡಿಯೋಕೆ ಆ ನೀರು ಬಿಟ್ಟು ಎಷ್ಟು ವರ್ಷ ಆಯ್ತು. ಕಾರಿಗೆ ಬಿಡಲೇ ಇಲ್ಲ ನೋಡಿ." ಚಿತ್ರದುರ್ಗ ಜಿಲ್ಲೆಯ ಬೋರ್ ನೀರು ಗೊತ್ತಿರೋರಿಗೆ ಇದು ಹೊಸ ಮಾತಲ್ಲ. ಗಡಸು, ಜೊತೆಗೆ ಫ್ಲೋರೈಡು. ಊರಲ್ಲಿ ಶುದ್ಧ ನೀರಿನ ಘಟಕ ಬಂದ ಮೇಲೆ ನಾಣ್ಯ ಹಾಕಿ ಇಪ್ಪತ್ತು ಲೀಟರಿನ ಕ್ಯಾನ್ ತುಂಬಿಸಿಕೊಂಡು ಬರ್ತೀವಿ. ಬೋರ್ ನೀರು ಬಟ್ಟೆಗೆ, ದನಕ್ಕೆ, ತೋಟಕ್ಕೆ, ಕಾರಿಗೆ.

ಮಾರನೇ ದಿನ ರೇಡಿಯೇಟರ್ ಬರೋದು ಮಧ್ಯಾಹ್ನ ಅಂದರು. ಅಪ್ಪ, ನಾನು ಇಬ್ಬರೂ ಬಸ್ಸಿನಲ್ಲಿ ಮಾರಿಕಣಿವೆಗೆ ಹೋದೆವು. ಹಿರಿಯೂರಿಂದ ಇಪ್ಪತ್ತು ಕಿಲೋಮೀಟರ್. ವಾಣಿವಿಲಾಸ ಸಾಗರ ಅಂತ ಹೆಸರು, ನಮ್ಮ ಕಡೆಯವರ ಬಾಯಲ್ಲಿ ಮಾರಿಕಣಿವೆಯೇ. ಎರಡು ಗುಡ್ಡಗಳ ನಡುವಿನ ಸಂದಿಗೆ ಅಡ್ಡಲಾಗಿ ಕಲ್ಲಿನ ಗೋಡೆ ಕಟ್ಟಿ ವೇದಾವತಿಯನ್ನ ನಿಲ್ಲಿಸಿದ್ದಾರೆ. 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದ ಕೆಲಸ. 1933ರಲ್ಲಿ ತುಂಬಿ ಹರಿದದ್ದು ಬಿಟ್ಟರೆ, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಎಂಬತ್ತೊಂಬತ್ತು ವರ್ಷದ ಮೇಲೆ. ಆ ವರ್ಷ ನಾನು ವರ್ಕ್ ಫ್ರಮ್ ಹೋಮ್‌ನಲ್ಲಿ ಊರಲ್ಲೇ ಇದ್ದರೂ ಮೀಟಿಂಗ್ ಅಂತ ನೋಡೋಕೆ ಬರಲಿಲ್ಲ. ಅಪ್ಪ ಇದೇ ಕಾರಿನಲ್ಲಿ ಅಮ್ಮನನ್ನ ಕರೆದುಕೊಂಡು ಬಂದಿದ್ದರಂತೆ. ಜನಜಾತ್ರೆ, ಎರಡು ಕಿಲೋಮೀಟರ್ ಹಿಂದೆಯೇ ಗಾಡಿ ನಿಲ್ಲಿಸಿ ನಡೆದರಂತೆ.

ಗೋಡೆಯ ಮೇಲೆ ನಿಂತರೆ ಒಂದು ಕಡೆ ಗುಡ್ಡಗಳ ಮಧ್ಯೆ ಚಾಚಿಕೊಂಡ ನೀರು, ಇನ್ನೊಂದು ಕಡೆ ಕೆಳಗೆ ತೆಂಗಿನ ತೋಟಗಳು. ಹಿರಿಯೂರು, ಚಿತ್ರದುರ್ಗಕ್ಕೆ ಕುಡಿಯೋ ನೀರು ಹೋಗೋದು ಇಲ್ಲಿಂದಲೇ. ಅಪ್ಪ ಬಹಳ ಹೊತ್ತು ನೀರು ನೋಡಿ ಕೇಳಿದರು, "ಮಾರ್ಚಲ್ಲೇ ಯಾಕೆ ಹೇಳಲಿಲ್ಲ?"

"ನಿಮಗೆ ಬೇಜಾರಾಗುತ್ತೆ ಅಂತ. ಆಮೇಲೆ... ಮಾರಿಬಿಡೋಣ ಅಂತಲೂ ಅನ್ಕೊಂಡಿದ್ದೆ."

"ಮಾರೋದಾದ್ರೆ ಮಾರು. ಅದು ವಸ್ತು. ಆದ್ರೆ ಬಿಸಿಯಾಗೋ ಗಾಡೀಲಿ ನಿಮ್ಮಮ್ಮನ್ನ ಕೂರಿಸ್ಕೊಂಡು ನೂರರಲ್ಲಿ ಹೋದೆಯಲ್ಲ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಕೆಳಗೆ ಒಬ್ಬರು ಸೌತೆಕಾಯಿ ಮಾರ್ತಿದ್ದರು. ಅಪ್ಪ ಹೋಗಿ ಎರಡು ಕೊಂಡು, ಒಂದನ್ನ ಉಪ್ಪುಖಾರ ಹಚ್ಚಿಸಿ ನನ್ನ ಕೈಗೆ ಕೊಟ್ಟರು.

ಸಂಜೆ ಐದಕ್ಕೆ ಕಾರು ಸಿದ್ಧವಾಯಿತು. ರೇಡಿಯೇಟರ್ 5,200, ಹೋಸ್ ಕ್ಲಿಪ್‌ಗಳು, ಇಂಜಿನ್ ಒಳಗೆಲ್ಲ ನೀರು ಬಿಟ್ಟು ತೊಳೆದದ್ದು, ಕೂಲೆಂಟು, ಕೂಲಿ ಎಲ್ಲ ಸೇರಿ ಎಂಟು ಸಾವಿರದ ಹತ್ತಿರ. ಬೆಂಗಳೂರಲ್ಲಿ ಸುಮ್ಮನೆ ಕಳೆದದ್ದು ಅದರ ಲೆಕ್ಕದಲ್ಲಿಲ್ಲ. "ಓಡಿಸಿ ನೋಡಿ ದುಡ್ಡು ಕೊಡಿ" ಅಂದರು ಮೆಕ್ಯಾನಿಕ್.

ಅಪ್ಪನನ್ನ ಕೂರಿಸಿಕೊಂಡು ಮತ್ತೆ ಅದೇ ಚಿತ್ರದುರ್ಗದ ಏರಿಗೆ ಹೊರಟೆ. ಫೋನನ್ನ ಅವರ ಕೈಗೆ ಕೊಟ್ಟು ಅಂಕಿ ಓದೋಕೆ ಹೇಳಿದೆ. ಕನ್ನಡಕ ಮೂಗಿನ ತುದಿಗೆ ತಂದುಕೊಂಡು, ಹಾಜರಿ ಕೂಗುವ ದನಿಯಲ್ಲಿ ಶುರು ಮಾಡಿದರು. "ತೊಂಬತ್ತು. ತೊಂಬತ್ತೊಂದು. ತೊಂಬತ್ತೊಂದು." ಎಂಬತ್ತು ದಾಟಿತು. "ತೊಂಬತ್ತೆರಡು." ನೂರು. ಏಸಿ ಹಾಕಿದೆ. ಐಮಂಗಲ ಬಂತು, ಬೇವಿನ ಮರ ಬಂತು, ಎದುರುಗಾಳಿ ಬಾಗಿಲ ಸಂದಿಯಲ್ಲಿ ಸಿಳ್ಳೆ ಹಾಕ್ತಿತ್ತು. "ತೊಂಬತ್ಮೂರು. ತೊಂಬತ್ಮೂರು. ತೊಂಬತ್ತೆರಡು." ಗಾಳಿಯಂತ್ರಗಳು ದೊಡ್ಡದಾಗ್ತಾ ಬಂದವು. ಸಾಕು ಅಂತ ನಾನೇ ತಿರುಗಿಸಿದೆ, ಅವರು ಓದೋದು ನಿಲ್ಲಿಸಿದ್ದು ಹಿರಿಯೂರು ಬಂದಮೇಲೆ.

ಚಿಕ್ಕಮ್ಮನ ಮನೆಗೆ ಅಮ್ಮನನ್ನ ಮುಂದಿನ ಶನಿವಾರ ಕರೆದುಕೊಂಡು ಹೋದೆ. ಬೀಗರೂಟವೂ ಮುಗಿದಿತ್ತು. ಅಕ್ಕತಂಗಿಯರು ಹಿತ್ತಲಲ್ಲಿ ಕೂತು ಎರಡು ಗಂಟೆ ಮಾತಾಡಿದರು.

ಅಲ್ಲಿಂದ ಬೆಂಗಳೂರಿಗೆ ಹೊರಡೋ ಬೆಳಿಗ್ಗೆ ಡಿಕ್ಕಿ ತೆಗೆದರೆ ಐದು ಲೀಟರಿನ ಕ್ಯಾನು ಮತ್ತೆ ಸ್ಟೆಪ್ನಿ ಪಕ್ಕ ಇತ್ತು. ತೊಳೆದು ತುಂಬಿಸಿದ್ದರು. ಮೈಮೇಲೆ ಬಿಳಿ ಕಾಗದ ಅಂಟಿಸಿ, ಬೋರ್ಡಿನ ಮೇಲೆ ಬರೆಯೋ ದುಂಡಕ್ಷರದಲ್ಲಿ ಬರೆದಿದ್ದರು: "ಘಟಕದ ನೀರು. ತಣ್ಣಗಾದ ಮೇಲೆ ಮಾತ್ರ."